ಎಡಕ್ಕೆ ಬಿಟ್ಟ ಬಾಗಿಲು

ಹೋದ ವಾರ ಹುಕ್ಕೇರಿಯಿಂದ ಗೋಕಾಕಕ್ಕೆ ಹೋಗಿದ್ದೆ. ಕೆಲಸ ದೊಡ್ಡದೇನಲ್ಲ, ಮೊಬೈಲಿಗೆ ಚಾರ್ಜು ಏರುತ್ತಿರಲಿಲ್ಲ. ಹುಕ್ಕೇರಿಯಲ್ಲಿ ಮೊಬೈಲ್ ರಿಪೇರಿಯವರಿಗೆ ಬರವಿಲ್ಲ, ಗಲ್ಲಿಗೆ ಇಬ್ಬರಿದ್ದಾರೆ. ಆದರೆ ಮನೆಯಲ್ಲಿ ಏನು ಕೆಟ್ಟರೂ ನನಗೆ ದಸ್ತಗೀರ ಕಾಕಾರ ಅಂಗಡಿಯೇ ಆಗಬೇಕು. ನನ್ನ ಗಂಡ ಇದಕ್ಕೆ ನನ್ನ ಹರಕೆ ಎಂದು ಹೆಸರಿಟ್ಟಿದ್ದಾರೆ. ಇರಲಿ. ಕಾಕಾ ಕಣ್ಣಿಗೆ ಭೂತಗನ್ನಡಿ ಇಟ್ಟುಕೊಂಡು, ಬೆಸುಗೆಯ ಕಾದ ಕಡ್ಡಿಯ ತುದಿಯನ್ನು ರಾಳದ ಡಬ್ಬಿಗೆ ಮುಟ್ಟಿಸಿದರು. ಸುಂಯ್ ಎಂದು ಒಂದೆಳೆ ಹೊಗೆ ಎದ್ದು ಮೂಗಿಗೆ ಬಂತು. ಅಷ್ಟೇ. ನಾನು ಸ್ಟೂಲಿನ ಮೇಲೆ ಕೂತಲ್ಲೇ ಐದು ವರ್ಷ ಹಿಂದಕ್ಕೆ ಹೋದೆ. ಆಗಿನ ಮಳೆಗಾಲವೊಂದಿದೆ. ಅದು ನನಗೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಆ ಮಳೆಗಾಲ ನಮ್ಮ ಅಪ್ಪ ಅವ್ವ ಒಬ್ಬರನ್ನೊಬ್ಬರು ಬಿಟ್ಟೇಬಿಡುತ್ತಾರೆ ಎನ್ನುವ ತನಕ ಬಂದಿತ್ತು. ಯಾಕೆ ಎನ್ನುವುದು ಅಪ್ಪನಿಗೂ ಗೊತ್ತಿರಲಿಲ್ಲ, ಅವ್ವನಿಗೂ ಗೊತ್ತಿರಲಿಲ್ಲ, ನಡುವೆ ಸಿಕ್ಕ ನನ್ನನ್ನಂತೂ ಕೇಳಲೇಬೇಡಿ.

ಆಗ ನನ್ನ ಮದುವೆಯಾಗಿರಲಿಲ್ಲ. ಗೋಕಾಕದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಬೆಳಿಗ್ಗೆ ತುಕ್ಕಾನಟ್ಟಿಯಲ್ಲಿ ಬಸ್ಸು ಹತ್ತುವುದು, ಸಂಜೆ ನಿಂತುಕೊಂಡೇ ವಾಪಸ್ಸು ಬರುವುದು. ಮನೆಯಲ್ಲಿ ನಾವು ಮೂರೇ ಜನ. ಅಪ್ಪ ಗೌಂಡಿ ಲಗಮಪ್ಪ. ನಮ್ಮಜ್ಜ ಕುರಿಗಳ ಹಿಂದೆ ತಿರುಗಿ ತಿರುಗಿ ಸವೆದವನು. ಅಪ್ಪ ಕುರಿ ಬಿಟ್ಟು ಗಾರೆ ಕೆಲಸದ ಕರಣಿ ಹಿಡಿದ. ಮೂಡಲಗಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ಕೂತರೆ ಸಾಕು, "ಅದು ನಂದ, ಆ ಹಸರ ಬಣ್ಣದ್ದೂ ನಂದ, ಅದರ ಬಾಜೂದ್ದು ನಂದಲ್ಲ, ನೋಡಿದ್ರ ಗೊತ್ತಾಗತೈತಿ" ಎಂದು ಗೋಡೆಗಳನ್ನು ತೋರಿಸುತ್ತ ಹೋಗುತ್ತಿದ್ದ. ಜನ ಮಕ್ಕಳ ಬಗ್ಗೆ ಹೇಳಿಕೊಳ್ಳುವ ಹಾಗೆ ಅವನು ಗೋಡೆಗಳ ಬಗ್ಗೆ ಹೇಳಿಕೊಳ್ಳುತ್ತಿದ್ದ. ನನ್ನ ಬಗ್ಗೆ ಅಷ್ಟು ಹೇಳಿದ್ದು ನಾನು ಕೇಳಿಲ್ಲ.

ಆ ಬೇಸಿಗೆಯ ಕೊನೆಗೆ ಅವನು ಕಟ್ಟಿದ ಮನೆಯೊಂದರ ಮೂಲೆ ಡೊಂಕಾಯಿತು. ಗೃಹಪ್ರವೇಶದ ಶಾಂತಿಯ ದಿನ ಹತ್ತು ಮಂದಿ ಹೊರಗೆ ನಿಂತಿದ್ದಾಗ ನಮ್ಮ ಅವ್ವ, ನಿಂಗವ್ವ, "ಆ ಮೂಲಿ ಯಾಕೋ ಹೊರಗ ಹೊಂಟಂಗ ಕಾಣತೈತಿ" ಎಂದುಬಿಟ್ಟಳು. ಎಲ್ಲರಿಗೂ ಕಂಡಿತ್ತು, ಎಲ್ಲರೂ ನುಂಗಿಕೊಂಡಿದ್ದರು, ಇವಳ ಬಾಯಿಂದ ಬಂತು. ಅಪ್ಪ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದ, ಮತ್ತೊಮ್ಮೆ ನೋಡಿದ, ದಾರ ಸುತ್ತಿ ಕಿಸೆಗೆ ಹಾಕಿಕೊಂಡು ಊಟ ಮಾಡದೆ ಮನೆಗೆ ಬಂದ.

ಅಷ್ಟರಲ್ಲಿ ಜೂನಿನ ಮಿರಗ ಮಳೆ ಹಿಡಿಯಿತು. ಗೌಂಡಿಗೆ ಮಳೆಗಾಲ ಎಂದರೆ ಮನೆಯೇ ಜೇಲು. ಅಪ್ಪ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ, ಎದುರಿನ ಟಿವಿ ಹಚ್ಚಿದರೂ ನೋಡದೆ ಕೂತಿರುತ್ತಿದ್ದ. ಅವನ ಒಂದು ಮಗ್ಗುಲಿಗೆ ಅಂಗಳದ ಬಾಗಿಲು, ಇನ್ನೊಂದು ಮಗ್ಗುಲಿಗೆ ಅಡುಗೆಮನೆಯ ಬಾಗಿಲು.

ಇಲ್ಲಿ ನಮ್ಮ ಅವ್ವನ ಒಂದು ಪದ್ಧತಿ ಹೇಳಬೇಕು. ಅವಳು ಅಪ್ಪನನ್ನು ಯಾವತ್ತೂ ಕರೆದವಳಲ್ಲ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿದವಳು. ಹೆಸರು ಹೋಗಲಿ, "ಏನ್ರಿ" ಎಂದೂ ಕೂಗುತ್ತಿರಲಿಲ್ಲ. ಅಡುಗೆಮನೆಯಿಂದ ಬಂದು ಸುಮ್ಮನೆ ನಿಲ್ಲುತ್ತಿದ್ದಳು. ಅಪ್ಪ ಕತ್ತೆತ್ತಿ ನೋಡುತ್ತಿದ್ದ. ಮಾತು ಅಲ್ಲಿಂದ ಶುರು. ಚಹಾ ತಂದರೂ ಅಷ್ಟೇ, ಅವನ ಮೊಣಕೈ ಹತ್ತಿರ ಗ್ಲಾಸು ಇಟ್ಟು ಹೋಗುತ್ತಿದ್ದಳು. ಮೂವತ್ತು ವರ್ಷ ಅವರ ಸಂಸಾರ ಹೀಗೆ ಕರೆಯದೆಯೇ ನಡೆದಿತ್ತು, ಚೆನ್ನಾಗಿಯೇ ನಡೆದಿತ್ತು.

ಆ ವರ್ಷ ಅವ್ವ ಬಂದು ನಿಂತರೆ ಅಪ್ಪ ಕತ್ತೆತ್ತುವುದು ನಿಂತುಹೋಯಿತು.

ಮೊದಲು ಚಹಾ ಆರುತ್ತ ಬಂತು. ಇಟ್ಟ ಗ್ಲಾಸು ಇಟ್ಟಲ್ಲೇ, ಮೇಲೆ ಕೆನೆ. ಆಮೇಲೆ ತಾಟಿನಲ್ಲಿ ಅರ್ಧ ಉಂಡು ಅರ್ಧ ಬಿಟ್ಟು ಏಳತೊಡಗಿದ. ರೊಟ್ಟಿ ಖಾಲಿ, ಬದನೆಕಾಯಿ ಪಲ್ಯ ಮುಟ್ಟಿಲ್ಲ. ಅವ್ವನಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

"ಗ್ವಾಡಿ ಡೊಂಕಂದೆ ನೋಡು, ಅದ ಸಿಟ್ಟ" ಎಂದಳು ನನ್ನ ಹತ್ತಿರ. "ನಾಕ ಮಂದ್ಯಾಗ ಅನಬಾರದಿತ್ತು. ಖರೆ, ಡೊಂಕಂತೂ ಇತ್ತಲ್ಲ."

ಅಪ್ಪನನ್ನು ಕೇಳಿದರೆ ಅವನದು ಬೇರೆಯೇ ದೂರು. "ದುಡಿಯಾಕ ಹೋಗೂದಿಲ್ಲಂತ ನಿಮ್ಮವ್ವ ನನಗ ಚಾ ಬಂದ್ ಮಾಡ್ಯಾಳ. ರೊಟ್ಟಿ ಅಷ್ಟ ನೀಡ್ತಾಳ, ಪಲ್ಲೆ ಇಲ್ಲ. ಇರ್ಲಿ ಬಿಡು, ನಾ ಕೇಳೂದಿಲ್ಲ."

ಇವಳು ಕೊಟ್ಟೆ ಎನ್ನುತ್ತಾಳೆ, ಅವನು ಕೊಡಲಿಲ್ಲ ಎನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ಆದರೆ ಇವರು ಜಗಳವನ್ನೇ ಆಡಲಿಲ್ಲವಲ್ಲ, ಮುಗಿಯುವುದು ಹೇಗೆ? ಅಪ್ಪ ಹಟಕ್ಕೆ ಬಿದ್ದಿದ್ದಾನೆ ಎಂದು ನಾನು ನಂಬಿದೆ. ಮನೆಯಲ್ಲಿ ಸುಮ್ಮನೆ ಕೂತ ಗಂಡಸು ಏನೇನೋ ಕಲ್ಪಿಸಿಕೊಳ್ಳುತ್ತಾನೆ, ಕೈಗೆ ಕೆಲಸ ಕೊಟ್ಟರೆ ಸರಿಹೋಗುತ್ತಾನೆ ಎಂದು ನನ್ನ ಲೆಕ್ಕಾಚಾರ.

ಆ ಕೆಲಸ ಸಿಕ್ಕಿದ್ದು ದಸ್ತಗೀರ ಕಾಕಾರ ಅಂಗಡಿಯಲ್ಲಿ. ಕ್ಲಾಸಿನ ಕೀಬೋರ್ಡು ರಿಪೇರಿಗೆ ಒಯ್ದಿದ್ದೆ. ಮೇಲಿನ ಅಟ್ಟದಲ್ಲಿ ದಪ್ಪನೆಯ ಕರಿಯ ಕೀಬೋರ್ಡೊಂದು ಕಂಡಿತು, ಅದರಿಂದ ಟಿವಿಯ ವಾಯರು ಇಳಿಬಿದ್ದಿತ್ತು. ಏನೆಂದು ಕೇಳಿದೆ.

"ಅದ ಕೀಬೋರ್ಡ್ ಅಲ್ಲವ್ವಾ, ಅದ ಪೂರಾ ಕಂಪ್ಯೂಟರ್" ಎಂದರು ಕಾಕಾ. "ಮೊದಲಿನ ಕಾಲದಾಗ ಮನ್ಯಾಗ ಟಿವಿಗಿ ಹಚ್ಚಿ ಆಡತಿದ್ರು. ಕ್ಯಾಸೆಟ್ಟಿನ್ಯಾಗ ಆಟ ಇರತಿತ್ತು. ಯಾರೋ ರಿಪೇರಿಗಿ ಇಟ್ಟ ಹೋದ್ರು, ತಿರುಗಿ ಬರಲೇ ಇಲ್ಲ. ಇಪ್ಪತ್ತ ವರ್ಷ ಆತು. ನಾ ಚಾಲೂ ಮಾಡಿ ಇಟ್ಟೇನಿ, ಬಂದ್ರ ಕೊಡಾಕ."

ಅವರು ಅದನ್ನು ಇಳಿಸಿ, ಧೂಳು ಊದಿ, ಹಳೆಯ ಟೇಪ್‌ರೆಕಾರ್ಡರಿಗೆ ಜೋಡಿಸಿದರು. ಕ್ಯಾಸೆಟ್ಟು ತಿರುಗತೊಡಗಿತು. ಹಾಡು ಬರುವ ಕಡೆ ಕೀಂ ಗರ್ರ್ ಎಂದು ಕಿವಿ ಕೊರೆಯುವ ಸದ್ದು. ಐದು ನಿಮಿಷ ಹಾಗೆ ಕಿರುಚಿದ ಮೇಲೆ ಟಿವಿಯಲ್ಲಿ ಮೇಲಿನಿಂದ ಒಂದು ಬಣ್ಣದ ತುಂಡು ಇಳಿಯಿತು. ನಾಲ್ಕು ಚೌಕ ಕೂಡಿದ ತುಂಡು. ಆಮೇಲೆ ಉದ್ದನೆಯದು, ಆಮೇಲೆ ಮೊಣಕಾಲು ಮಡಚಿದ ಹಾಗಿನದು. ಗುಂಡಿ ಒತ್ತಿ ಅವನ್ನು ಎಡಕ್ಕೋ ಬಲಕ್ಕೋ ಸರಿಸಿ ಸಂದಿಲ್ಲದಂತೆ ಕೂರಿಸಬೇಕು. ಒಂದು ಸಾಲು ಈ ತುದಿಯಿಂದ ಆ ತುದಿಯ ತನಕ ತುಂಬಿದರೆ ಅದು ಮಾಯ. ತುಂಬದೆ ಮೇಲಿನ ತನಕ ಬಂದರೆ ಆಟ ಮುಗಿಯಿತು. "ಇಟ್ಟಂಗಿ ಆಟ" ಎಂದರು ಕಾಕಾ. ಇಟ್ಟಿಗೆಯ ಹೆಸರು ಕೇಳಿದ್ದೇ ನನಗೆ ಅಪ್ಪ ನೆನಪಾದ.

"ಒಯ್ಯಿ. ಆದ್ರ ಜ್ವಾಪಾನ, ಅದ ನಂದಲ್ಲ" ಎಂದು ಟೇಪ್‌ರೆಕಾರ್ಡರ್ ಸಮೇತ ಚೀಲಕ್ಕೆ ಹಾಕಿಕೊಟ್ಟರು.

ಮನೆಯಲ್ಲಿ ಕ್ಯಾಸೆಟ್ಟು ಕಿರುಚಿದಾಗ ಅವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಅಪ್ಪ "ಇದೇನ ಹಂದಿ ಹಿಡದಂಗ" ಎಂದ. ಆದರೆ ತುಂಡುಗಳು ಇಳಿಯತೊಡಗಿದ ಮೇಲೆ ಸುಮ್ಮನಾದ. ಅರ್ಧ ಗಂಟೆಯಲ್ಲಿ ಗುಂಡಿಗಳು ಅವನ ಕೈಗೆ ಬಂದವು. ಎರಡು ದಿನದಲ್ಲಿ ತುಂಡುಗಳಿಗೆಲ್ಲ ಹೆಸರಿಟ್ಟ. ಉದ್ದನೆಯದು ಬಾಗಿಲ ಮೇಲೆ ಕೂರಿಸುವ ಲಿಂಟಲ್, ಚೌಕನೆಯದು ಸಿಮೆಂಟು ಗಟ್ಟಿ, ಮಡಚಿದ್ದು ಮೂಲಿಕಲ್ಲು. ನಾನು ಕ್ಲಾಸಿನಿಂದ ಬರುವ ಹೊತ್ತಿಗೆ ಕೀಬೋರ್ಡು ತೊಡೆಯ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದ. "ಸಂದಿನ ಮ್ಯಾಲ ಸಂದ ಬರಬಾರದವಾ, ಗ್ವಾಡಿ ಸೀಳತೈತಿ" ಎಂದು ನನಗೇ ಪಾಠ. ಮುಖದಲ್ಲಿ ಬೇಸಿಗೆಯಿಂದ ಕಾಣದ ಕಳೆ ಕಂಡು ನನಗೆ ಖುಷಿಯಾಯಿತು.

ಒಂದೇ ವಿಚಿತ್ರ. ಅವನು ಎಡಗಡೆ ಕಟ್ಟುತ್ತಲೇ ಇರಲಿಲ್ಲ. ಬಲಗಡೆ ಗಾರೆ ಮಾಡಿದಷ್ಟು ನಯವಾದ ಗೋಡೆ ಎದ್ದು ಛತ್ತಿನ ತನಕ ಹೋಗುತ್ತಿತ್ತು. ಎಡಗಡೆ ಮೂರು ಚೌಕದಷ್ಟು ಅಗಲದ ಜಾಗ ನೆಲದಿಂದ ಮೇಲಿನ ತನಕ ಖಾಲಿ. ಹೀಗಾಗಿ ಒಂದು ಸಾಲೂ ತುಂಬುತ್ತಿರಲಿಲ್ಲ, ಒಂದೂ ಮಾಯವಾಗುತ್ತಿರಲಿಲ್ಲ. ಆಟ ಮುಗಿದಾಗ ಸೋತೆ ಎಂದುಕೊಳ್ಳುವುದು ಬಿಟ್ಟು "ಹಾಂ, ಸ್ಲ್ಯಾಬಿನ ಮಟ ಬಂತು" ಎಂದು ಕೈ ಜಾಡಿಸುತ್ತಿದ್ದ.

"ಅಪ್ಪಾ, ಸಾಲು ತುಂಬಬೇಕು. ತುಂಬಿದ್ರ ಅದು ಹೋಗಿಬಿಡತೈತಿ, ಆಗ ಮಾರ್ಕ್ಸ್ ಬರ್ತಾವ" ಎಂದೆ.

"ಕಟ್ಟಿದ್ದು ಮಾಯ ಆಗೂದ ಅದೆಂಥಾ ಕೆಲಸ?" ಎಂದ. ನಾನು ನಕ್ಕೆ.

"ಹಂಗಾರ ಇಷ್ಟ ಜಾಗಾ ಯಾಕ ಬಿಟ್ಟೀಪಾ? ಬಾಗಲಾ ಏನ?"

ಅಪ್ಪ ನನ್ನ ಮುಖ ನೋಡಿದ. ಏನೋ ಯೋಚಿಸಿದ. "ಬಾಗಲಾ ಬಿಡದ ಯಾರ ಮನಿ ಕಟ್ತಾರವಾ" ಎಂದ.

ಅಲ್ಲಿಗೆ ನನಗೆ ಸಮಾಧಾನವಾಯಿತು. ಗೌಂಡಿಯಲ್ಲವೇ, ಆಟದಲ್ಲೂ ಬಾಗಿಲು ಬಿಟ್ಟೇ ಕಟ್ಟುತ್ತಾನೆ ಎಂದು ಕ್ಲಾಸಿನಲ್ಲೆಲ್ಲ ಹೇಳಿಕೊಂಡು ನಗಿಸಿದೆ. ಈಗ ಆ ನಗು ನೆನೆದರೆ ನನಗೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಒಂದು ಭಾನುವಾರ ಅವ್ವ ಮನಸ್ಸು ಮಾಡಿದಳು. ಕೈ ಒರೆಸಿಕೊಂಡು ಬಂದು ಅಪ್ಪನ ಮಗ್ಗುಲಲ್ಲಿ, ಅಡುಗೆಮನೆಯ ಕಡೆಗೆ, ಚಾಪೆಯ ಮೇಲೆ ಕೂತಳು. ಹಾಗೆ ಆಟ ನೋಡಲು ಕೂತದ್ದು ಎಂದರೆ ಅವಳ ಮಟ್ಟಿಗೆ ತಪ್ಪಾಯಿತು ಎಂದ ಹಾಗೆ. ಅಪ್ಪ ಒಂದು ಗೋಡೆ ಕಟ್ಟಿದ, ಎರಡು ಕಟ್ಟಿದ, ಮೂರನೆಯದಕ್ಕೆ ಕೈ ಹಾಕಿದ. ಕತ್ತು ತಿರುಗಿಸಲಿಲ್ಲ. ಅವಳು ಎದ್ದು ಒಳಗೆ ಹೋದಳು. ನಾನು ಹಿಂದೆಯೇ ಹೋದೆ.

"ಬಾಜೂ ಬಂದ ಕುಂತ್ರೂ ಮನಶ್ಯಾರ ಬೇಕಾಗಿಲ್ಲ ಅವರಿಗಿ" ಎಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಮರುವಾರ ಪಂಚಮಿ ಹಬ್ಬ. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ ಖರೆ, ಆದರೆ ಅವ್ವ ಹೋಗುವುದು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಆ ಸಲ ಶೇಂಗಾ ಉಂಡಿ ಕಟ್ಟಿ, ಚೀಲ ತುಂಬಿಕೊಂಡು ಮೇಳವಂಕಿಯ ತನ್ನ ಅಣ್ಣನ ಮನೆಗೆ ಹೊರಟುಹೋದಳು. ನಾನು ಸಂಜೆ ಬಂದಾಗ ಅಪ್ಪ ಒಬ್ಬನೇ ಕೂತಿದ್ದ.

"ನಿಮ್ಮವ್ವ ಹೇಳದ ಹೋಗ್ಯಾಳ" ಎಂದ. "ನಾ ಇಲ್ಲೇ ಕುಂತೇನಿ. ಒಂದ ಮಾತ ಹೇಳಲಿಲ್ಲ."

ಅವ್ವನಿಗೆ ಫೋನು ಮಾಡಿದೆ. "ಚೀಲಾ ಹಿಡಕೊಂಡು ಅವರ ಬಾಜೂ ಎಷ್ಟೊತ್ತು ನಿಂತೆ ಅಂತೀ" ಎಂದಳು. "ನೋಡ್ತಾರೇನು, ಹೋಗಬ್ಯಾಡ ಅಂತಾರೇನು ಅಂತ. ಗ್ವಾಡಿ ಕಟ್ಕೋಂತ ಕುಂತ್ರು. ನನ್ನ ಕಣ್ಣೆತ್ತಿ ನೋಡಲಿಲ್ಲ."

ಹಬ್ಬ ಮುಗಿಯಿತು, ಜೋಕಾಲಿ ಬಿಚ್ಚಿದರು, ಅವ್ವ ಬರಲಿಲ್ಲ. ಘಟಪ್ರಭೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಗೋವಿನಜೋಳ ಆಳೆತ್ತರ ಬಂದು ದಾರಿಯ ಎರಡೂ ಕಡೆ ಹಸಿರು. ನನಗೆ ಆ ಹಸಿರು ನೋಡುವ ಮನಸ್ಸಿರಲಿಲ್ಲ. ಬೆಳಿಗ್ಗೆ ಇಬ್ಬರಿಗೆ ರೊಟ್ಟಿ ಬಡಿದು, ಬಸ್ಸು ಹಿಡಿದು, ಬಂದು ಮತ್ತೆ ಬಡಿಯುವುದು. ನಾನು ತಾಟು ಹಚ್ಚಿಕೊಟ್ಟರೂ ಅಪ್ಪ ಅರ್ಧ ಬಿಡುತ್ತಿದ್ದ. ಆಗಲಾದರೂ ನನಗೆ ಹೊಳೆಯಬೇಕಿತ್ತು. ನನ್ನ ಕೈಯ ಪಲ್ಯ ಯಾರೂ ತಿನ್ನುವಂಥದ್ದಲ್ಲ ಎಂದುಕೊಂಡೆ, ಅದು ಅಷ್ಟಿಷ್ಟು ನಿಜವೂ ಆಗಿತ್ತು.

ಒಂದು ದಿನ ಅವ್ವನಿಗೆ ಫೋನಿನಲ್ಲಿ ಬೆಣ್ಣೆ ಹಚ್ಚಲು ಹೋದೆ. "ಅವ್ವಾ, ಅಪ್ಪ ಆಟದಾಗೂ ದಿನಾ ಒಂದ ಬಾಗಲಾ ಬಿಟ್ಟ ಕಟ್ತಾನ. ನಿನ್ನ ಸಲುವಾಗೇ ಬಿಟ್ಟಾನ, ಬಾ."

ಅವ್ವ ತಿರುಗಿ ಕೇಳಿದಳು. "ಬಾಗಲಾ ಬಿಟ್ಟದ್ದು ನಾ ಬರಾಕೋ, ಹೋಗಾಕೋ?"

ಬಸ್ಸು ಬಂತು ಎಂದು ಸುಳ್ಳು ಹೇಳಿ ಫೋನು ಇಟ್ಟೆ.

ಆ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಅವನನ್ನೇ ಕೇಳಿಬಿಡೋಣ ಎಂದು ಸಂಜೆ ಟಿವಿಯ ಹತ್ತಿರ ಹೋಗಿ, ಖಾಲಿ ಜಾಗದ ಮೇಲೆ ಬೆರಳಿಟ್ಟೆ. "ಅಪ್ಪಾ, ಇವತ್ತ ಇದನ್ನ ತುಂಬು. ಈ ಬಾಗಲಾ ಮುಚ್ಚು."

"ಯಾವದು?" ಎಂದ.

"ಇದು. ಎಡಕಿಂದು."

ಅಪ್ಪ ನೋಡಿದ. ಹಣೆ ಗಂಟಿಕ್ಕಿದ. "ಗ್ವಾಡಿ ಅಲ್ಲಿಗೇ ಮುಗೀತಲ್ಲವಾ. ಅದರಾಚಿ ಏನೈತಿ?"

ಚೇಷ್ಟೆ ಮಾಡುತ್ತಿಲ್ಲ ಎಂದು ಮುಖದಲ್ಲೇ ಗೊತ್ತಾಗುತ್ತಿತ್ತು. ಮತ್ತೆ ಬಾಗಿಲು ಎಂದದ್ದು? "ನೀ ಬಾಗಲಾ ಅಂದಿ, ನಾ ಹೂಂ ಅಂದೆ" ಎಂದ. ನಾನು ಗೊಂದಲಕ್ಕೆ ಬಿದ್ದೆ. ಕೊನೆಗೆ ನಮ್ಮ ಹಳೆಯ ಟಿವಿ ಕೆಟ್ಟಿರಬೇಕು, ಅವನು ಕೂರುವ ಜಾಗದಿಂದ ಒಂದು ಕಡೆ ಕಪ್ಪಾಗಿ ಕಾಣುತ್ತಿರಬೇಕು ಎಂದು ತೀರ್ಮಾನಿಸಿದೆ. ಅವನ ಜಾಗದಲ್ಲಿ ಕೂತು ನೋಡಿದೆ, ನನಗೆ ಎಲ್ಲ ಕಂಡಿತು. ಆದರೂ ಟಿವಿಯದೇ ತಪ್ಪು ಎಂದುಕೊಂಡೆ. ಬೇರೆ ಯಾರ ತಪ್ಪು ಎಂದು ತಿಳಿಯಬೇಕು?

ನಾನು ಕರೆದಿದ್ದಕ್ಕೆ ಭಾನುವಾರ ದಸ್ತಗೀರ ಕಾಕಾ ತಮ್ಮ ಚೀಲದೊಂದಿಗೆ ಬಂದರು. ರಿಕ್ಷಾದಲ್ಲಿ ಒಂದು ಬೇರೆ ಟಿವಿಯನ್ನೂ ತಂದಿದ್ದರು. ಅವರ ಕೆಲಸದ ರೀತಿ ಒಂದೇ. ಏನು ಕೆಟ್ಟಿದೆ ಎಂದು ತಲೆ ಕೆಡಿಸಿಕೊಳ್ಳುವುದಿಲ್ಲ. ಒಂದೊಂದನ್ನೇ ತೆಗೆದು, ಚಾಲೂ ಇರುವುದನ್ನು ಹಾಕಿ ನೋಡುವುದು. ಯಾವುದನ್ನು ಬದಲಿಸಿದಾಗ ಸರಿಹೋಗುತ್ತದೋ ಅದೇ ಕೆಟ್ಟದ್ದು. ಟಿವಿ ಬದಲಿಸಿದರು. ಅಪ್ಪ ಆಡಿದ. ಎಡಕ್ಕೆ ಖಾಲಿ. ವಾಯರು ಬದಲಿಸಿದರು, ಖಾಲಿ. ಕ್ಯಾಸೆಟ್ಟು ಬದಲಿಸಿದರು, ಅದು ಐದು ನಿಮಿಷ ಕಿರುಚಿತು, ಮತ್ತೆ ಖಾಲಿ. ಅಪ್ಪನನ್ನು ಕಂಬ ಬಿಡಿಸಿ ನಡುಮಧ್ಯೆ ಕೂರಿಸಿದರು. ಆಗಲೂ ಬಲಕ್ಕೆ ಚಂದದ ಗೋಡೆ, ಎಡಕ್ಕೆ ಬಾಗಿಲು.

ನಾನು ಚಹಾ ಮಾಡಿ ತಂದೆ. ಕಾಕಾರ ಕೈಗೆ ಕೊಟ್ಟೆ. ಅಪ್ಪನ ಗ್ಲಾಸನ್ನು ಅವ್ವ ಇಡುತ್ತಿದ್ದ ಹಾಗೆ ಅವನ ಮೊಣಕೈ ಪಕ್ಕದಲ್ಲಿ ನೆಲಕ್ಕಿಟ್ಟು, ಕಾಕಾರ ಹತ್ತಿರ ಕೂತೆ. ಕಾಕಾ ಎರಡು ಗುಟುಕು ಕುಡಿದರು.

ಅಪ್ಪ ನನ್ನ ಕಡೆ ನೋಡಿದ. "ನೀನೂ ನಿಮ್ಮವ್ವನಂಗ ಆದೆಲ್ಲವಾ" ಎಂದ. ಸಿಟ್ಟಿಲ್ಲ, ನೊಂದಿದ್ದ. "ಬಂದವರಿಗಿ ಅಷ್ಟ ಚಾ. ನನಗಿಲ್ಲ."

ಗ್ಲಾಸು ಅವನ ಎಡಗೈಯಿಂದ ಒಂದು ಗೇಣು ದೂರದಲ್ಲಿತ್ತು. ಹೊಗೆಯಾಡುತ್ತಿತ್ತು.

ಕಾಕಾ ಗ್ಲಾಸನ್ನು ನೋಡಿದರು, ಅಪ್ಪನನ್ನು ನೋಡಿದರು. ಎದ್ದು ಬಂದು ಗ್ಲಾಸನ್ನು ಎಡಗಡೆಯಿಂದ ಎತ್ತಿ ಬಲಗಡೆಗೆ ಇಟ್ಟರು. "ಇಲ್ಲೈತಲ್ಲರಿ ಲಗಮಣ್ಣಾವ್ರ" ಎಂದರು. ಅಪ್ಪ ಕೂಡಲೇ ಎತ್ತಿಕೊಂಡು ಕುಡಿದ. ಕಾಕಾ ನನ್ನನ್ನು ಅಂಗಳಕ್ಕೆ ಕರೆದರು.

"ಎಲ್ಲಾ ಬದಲಿ ಮಾಡಿ ನೋಡಿದಿವಿ ಸುವರ್ಣಾ" ಎಂದರು ದನಿ ತಗ್ಗಿಸಿ. "ನೋಡಾವ್ರನ್ನೊಬ್ಬರನ್ನ ಬಿಟ್ಟು. ನಾಳಿಗೇ ದವಾಖಾನಿಗಿ ಕರಕೊಂಡ ಹೋಗು."

ಅಂಗಳದಿಂದಲೇ ಒಳಗೆ ಕೂತ ಅಪ್ಪನನ್ನು ತಿರುಗಿ ನೋಡಿದೆ. ಆರಿದ ಚಹಾ, ಬಿಟ್ಟ ಪಲ್ಯ, ಚಾಪೆಯ ಮೇಲೆ ಕೂತು ಎದ್ದುಹೋದ ಅವ್ವ, ಚೀಲ ಹಿಡಿದು ನಿಂತ ಅವ್ವ. ಎಲ್ಲವೂ ಒಂದೇ ಕಡೆ. ಅಡುಗೆಮನೆ ಅವನ ಎಡಕ್ಕಿತ್ತು. ಬೇಸಿಗೆಯಲ್ಲಿ ಡೊಂಕಾದ ಮೂಲೆಯೂ ಎಡಮೂಲೆಯೇ.

ಡಾಕ್ಟರು ತಲೆಯ ಫೋಟೋ ತೆಗೆಸಿ ನೋಡಿ, ಬೇಸಿಗೆಯಲ್ಲೇ ಯಾವಾಗಲೋ ಮೆದುಳಿನಲ್ಲಿ ಸಣ್ಣದಾಗಿ ರಕ್ತ ಹೆಪ್ಪುಗಟ್ಟಿದೆ ಎಂದರು. ಕೈಕಾಲಿಗೆ ಏನೂ ಆಗಿಲ್ಲ, ಅದಕ್ಕೇ ಯಾರಿಗೂ ತಿಳಿದಿಲ್ಲ. ಎರಡೂ ಕಣ್ಣಿಗೆ ಎಡಗಡೆಯ ಅರ್ಧ ಹೋಗಿದೆ. ಕಪ್ಪಗೂ ಕಾಣುವುದಿಲ್ಲ, ಹೋಗಿದೆ ಎಂಬುದೂ ಅವನಿಗೆ ತಿಳಿಯುವುದಿಲ್ಲ, ಎಡಗಡೆ ಎನ್ನುವುದನ್ನೇ ಮನಸ್ಸು ಮರೆತುಬಿಟ್ಟಿದೆ. ಹೋದದ್ದು ಬಹುಶಃ ಮರಳಿ ಬರುವುದಿಲ್ಲ. "ಒಂದಿನಾ ಬಿಸಲಾಗ ತಲಿ ಹಿಡಕೊಂಡ ಕುಂತಿದ್ದೆ, ಪಿತ್ತ ಅಂತ ಲಿಂಬಿಹಣ್ಣ ಕುಡದೆ" ಎಂದ ಅಪ್ಪ. ಇನ್ನು ಮೇಲೆ ಎತ್ತರಕ್ಕೆ ಹತ್ತಿ ಕಟ್ಟಡದ ಕೆಲಸ ಮಾಡಕೂಡದು ಎಂದಾಗ ಮಾತ್ರ ತನ್ನ ಅಂಗೈ ನೋಡಿಕೊಂಡ. ದಸರೆಯ ಹೊತ್ತಿಗೆ ಒಂದು ಮನೆಯ ಮೇಲಂತಸ್ತು ಕಟ್ಟಲು ಒಪ್ಪಿಕೊಂಡಿದ್ದ. ಹತ್ತಿದ್ದರೆ ಏನಾಗುತ್ತಿತ್ತೋ.

ಡಾಕ್ಟರು ಒಂದು ಉಪಾಯ ಹೇಳಿದರು. ಕತ್ತನ್ನು ಎಡಕ್ಕೆ ತಿರುಗಿಸಿ ನೋಡುವುದು ರೂಢಿಯಾಗಬೇಕು. ಅದಕ್ಕೆ ಮನೆಯವರು ಎಡಗಡೆ ನಿಂತು ದಿನಕ್ಕೆ ಹತ್ತಾರು ಸಲ ಹೆಸರು ಹಿಡಿದು ಕರೆಯಬೇಕು. ಆ ಇಟ್ಟಂಗಿ ಆಟವನ್ನೂ ಬಿಡಿಸಬೇಡಿ ಎಂದರು.

ಅಪ್ಪನನ್ನು ಮನೆಗೆ ಬಿಟ್ಟು ನಾನು ಸೀದಾ ಮೇಳವಂಕಿಗೆ ಹೋದೆ. ಅವ್ವ ಕಟ್ಟೆಯ ಮೇಲೆ ಉಳ್ಳಾಗಡ್ಡಿ ಹರವುತ್ತಿದ್ದಳು. ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ. "ಹಂಗಾರ ಸಿಟ್ಟಲ್ಲ?"

"ಸಿಟ್ಟಲ್ಲವ್ವಾ. ನೀ ಅವಗ ಕಾಣಲೇ ಇಲ್ಲ."

ಅವಳು ನಕ್ಕಳು. ನಗುತ್ತಲೇ ಸೆರಗು ಬಾಯಿಗೊತ್ತಿಕೊಂಡು ಅಳತೊಡಗಿದಳು. "ಸಿಟ್ಟಿಲ್ಲಂತ ನಗಬೇಕೋ, ಕಣ್ಣ ಹೋದೂವಂತ ಅಳಬೇಕೋ, ನನಗೊಂದೂ ತಿಳೀವಲ್ದು" ಎಂದಳು. ಮುಂದಿನ ಬಸ್ಸಿಗೆ ಇಬ್ಬರೂ ತುಕ್ಕಾನಟ್ಟಿಗೆ ಬಂದೆವು.

ಬಂದವಳು ಎಲ್ಲ ಮಾಡಿದಳು. ತಾಟು ತಿರುಗಿಸಿಡುವುದು, ಹೊಸ್ತಿಲಲ್ಲಿ ಎಡಗೈ ಹಿಡಿಯುವುದು, ಎಲ್ಲ. ಹೆಸರು ಹಿಡಿದು ಕರೆಯುವುದೊಂದನ್ನು ಬಿಟ್ಟು. "ಆಯುಷ್ಯ ಉಳಿಸಾಕ ಕರಿ ಅಂತಾರ ಡಾಕ್ಟರು, ಕರದ್ರ ಆಯುಷ್ಯ ಹೋಗತೈತಿ ಅಂದಾಳ ನಮ್ಮವ್ವ. ಯಾರ ಮಾತ ಕೇಳ್ಲಿ?" ಎಂದಳು. ಕೊನೆಗೆ ತಾನೇ ದಾರಿ ಹುಡುಕಿಕೊಂಡಳು. ಮದುವೆ ಮುಂಜಿಯಲ್ಲಿ ಪ್ರಾಸ ಹೊಂದಿಸಿ ಒಡಪು ಕಟ್ಟಿ ಗಂಡನ ಹೆಸರು ಹೇಳಲು ಅಡ್ಡಿಯಿಲ್ಲವಲ್ಲ? ಹಾಗಾಗಿ ಚಹಾ ತಂದಾಗಲೆಲ್ಲ ಎಡಗಡೆ ನಿಂತು ಒಡಪು.

"ಹಿತ್ತಲ ಬಳ್ಳೀಗಿ ಹೀರಿಕಾಯಿ ಹೂವ, ಲಗಮಪ್ಪನವರಿಗಿ ಚಾ ತಂದಾಳ ನಿಂಗವ್ವ."

ಒಡಪು ಮುಗಿಯುವ ಹೊತ್ತಿಗೆ ಚಹಾ ಅರ್ಧ ಆರಿರುತ್ತಿತ್ತು. ಅಪ್ಪ ನಗುತ್ತಿದ್ದ, ಆದರೆ ತಿರುಗುತ್ತಿರಲಿಲ್ಲ. ಅದು ಅವನಿಗೆ ಹಾಡು ಕೇಳಿದಂತಾಗುತ್ತಿತ್ತೇ ಹೊರತು ಕರೆದಂತಾಗುತ್ತಿರಲಿಲ್ಲ. ಗೋಡೆಯ ಮಾತಿಗೆ ಅವನಿಗೆ ನಿಜವಾಗಿ ಸಿಟ್ಟು ಬಂದಿತ್ತೋ ಇಲ್ಲವೋ ಎಂದು ಒಮ್ಮೆ ಕೇಳಿದೆ. "ಆಗ ಏನ ಕಂಡಿತ್ತೋ ಏನ ಬಿಟ್ಟಿತ್ತೋ, ಯಾರಿಗಿ ಗೊತ್ತು" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ.

ಹಸ್ತ ಮಳೆ ಶುರುವಾದ ದಿನ. ಸಂಜೆ ನಾಲ್ಕರ ಹೊತ್ತು, ಅಂಗಳದಲ್ಲಿ ಹನಿ ಬೀಳುತ್ತಿತ್ತು. ಅಪ್ಪ ಆಡುತ್ತಿದ್ದ. ಅವ್ವ ಅವನ ಎಡಕ್ಕೆ ಚಾಪೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಆಟ ಅವಳಿಗೂ ಅಷ್ಟಿಷ್ಟು ತಿಳಿದಿತ್ತು. ಅವತ್ತು ಅಪ್ಪ ನೆನಪು ಮಾಡಿಕೊಂಡು ಎಡಕ್ಕೆ ಎರಡು ತುಂಡು ಕೂರಿಸಿದ್ದ. ಕೆಳಗಿನ ಸಾಲಿಗೆ ಉಳಿದದ್ದು ಎಡತುದಿಯ ಒಂದೇ ಸಂದು. ಮೇಲಿನಿಂದ ಉದ್ದನೆಯ ಲಿಂಟಲ್ ನೆಟ್ಟಗೆ ನಿಂತು ಇಳಿಯತೊಡಗಿತು. ಅಪ್ಪ ಅದನ್ನು ಅಭ್ಯಾಸಬಲದಿಂದ ಬಲಕ್ಕೆ ಒಯ್ದ. ಅದು ಇಳಿಯುತ್ತಿತ್ತು, ಅರ್ಧಕ್ಕೆ ಬಂತು.

"ಲಗಮಪ್ಪಾ, ಎಡಕ್ಕ ನೋಡ್ರಿ."

ಅವ್ವನಿಗೆ ಹೆಸರಿಗೆ ಮರ್ಯಾದೆ ಸೇರಿಸಲು ಪುರಸೊತ್ತು ಸಿಕ್ಕಿರಲಿಲ್ಲ. ಅದು ಕೊನೆಗೆ 'ರಿ'ಯಲ್ಲಿ ಬಂದು ಸೇರಿತು. ಅಪ್ಪನ ಬೆರಳು ತಾನಾಗಿ ಎಡಕ್ಕೆ ಒತ್ತಿತು. ಲಿಂಟಲ್ ಹೋಗಿ ಸಂದಿನಲ್ಲಿ ಕೂತಿತು. ಸಾಲು ತುಂಬಿತು. ಆ ಮಳೆಗಾಲದಲ್ಲಿ ಮೊದಲ ಸಲ ತುಂಬಿದ ಸಾಲು ಮಿಣುಕಿ ಮಾಯವಾಯಿತು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದವಳು ಹಾಗೇ ನಿಂತೆ.

ಅಪ್ಪ ಟಿವಿ ನೋಡುತ್ತಿರಲಿಲ್ಲ. ಕತ್ತನ್ನು ಪೂರ್ತಿ, ಗಲ್ಲ ಭುಜಕ್ಕೆ ತಾಗುವಷ್ಟು ಎಡಕ್ಕೆ ತಿರುಗಿಸಿದ್ದ. ಅವ್ವ ಬಾಯಿಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದಳು, ಮಡಿಲಿನ ಶೇಂಗಾ ನೆಲಕ್ಕೆ ಚೆಲ್ಲಿತ್ತು. ಅವನು ಅವಳನ್ನು ಬಹಳ ಹೊತ್ತು ನೋಡಿದ, ಊರಿಂದ ಬಂದವರನ್ನು ನೋಡಿದ ಹಾಗೆ.

"ನೀ ಇಲ್ಲೇ ಕುಂತೀಯೇನ?" ಎಂದ.

"ಹೂಂ. ಇಲ್ಲೇ ಅದೇನಿ."

"ಇನ್ನೊಮ್ಮೆ ಕರಿ."

ಟಿವಿಯಲ್ಲಿ ಇಟ್ಟಂಗಿಗಳು ತಮ್ಮಷ್ಟಕ್ಕೆ ತಾವು ಒಂದರ ಮೇಲೊಂದು ಬಿದ್ದು ಛತ್ತಿನ ತನಕ ಬಂದು ಆಟ ಮುಗಿಯಿತು. ಮೂವರಲ್ಲಿ ಯಾರೂ ಅತ್ತ ನೋಡಲಿಲ್ಲ.